ತೌಡಿಗೆ ಮಾರಿದ ಹುಡುಗನ ವಯಸ್ಸು

ಜೈಲಿನ ಭೇಟಿ ಕೋಣೆಯಲ್ಲಿ ಹುಡುಗನನ್ನು ಮೊದಲ ಸಲ ಕಂಡಾಗ ಅವನು ನಿಂತಿದ್ದನೋ ಕೂತಿದ್ದನೋ ಎಂಬುದು ನನಗೆ ಈಗ ಖಚಿತವಿಲ್ಲ. ನಿಂತಿದ್ದ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆಮೇಲೊಮ್ಮೆ ಅದೇ ಕೋಣೆಗೆ ಹೋದಾಗ ಅಲ್ಲೊಂದು ಸಿಮೆಂಟಿನ ಕಟ್ಟೆ ಕಂಡಿತು. ಹಾಗಾದರೆ ಕೂತೇ ಇದ್ದಿರಬೇಕು ಅನ್ನಿಸಿತು. ಇಷ್ಟು ಸಣ್ಣ ವಿಷಯದಲ್ಲೇ ಜಾರುವ ನೆನಪನ್ನು ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಇಬ್ಬರು ಹೆಂಗಸರನ್ನು, ಹದಿನಾರು ವರ್ಷದ ಹಿಂದೆ ಏನಾಯಿತೆಂದು ಸರಿಯಾಗಿ ಹೇಳಿ ಎಂದು ಪೀಡಿಸಿದೆ.

ಕಾನೂನು ನೆರವಿನ ಕಡೆಯಿಂದ ನನಗೆ ವಹಿಸಿದ ಪ್ರಕರಣ ಅದು. ಹಳೇಕೋಟೆ ಕಡೆಯ ಒಂದು ತೆಂಗಿನ ತೋಟಕ್ಕೆ ಮೂವರು ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಕದಿಯಲು ಹೋಗಿದ್ದರು. ಕಾವಲುಗಾರ ಎದ್ದು ಬಂದ. ಕಬ್ಬಿಣದ ರಾಡಿನ ಪೆಟ್ಟು ಅವನ ತಲೆಗೆ ಬಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮೂವರಲ್ಲಿ ಇಬ್ಬರು ಮೂವತ್ತು ದಾಟಿದವರು. ಮೂರನೆಯವನು ಈ ಹುಡುಗ, ಟಾರ್ಚು ಹಿಡಿದವನು. ದರೋಡೆ, ಕೊಲೆ ಎರಡೂ ಮೂವರ ಮೇಲೂ ಇತ್ತು. ಶಾಲೆಯ ವರ್ಗಾವಣೆ ಪತ್ರದ ಪ್ರಕಾರ ಹುಡುಗನಿಗೆ ಹತ್ತೊಂಬತ್ತು ತುಂಬುತ್ತಿತ್ತು. ನೋಡಿದರೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಆದರೆ ಮುಖ ನೋಡಿ ವಯಸ್ಸು ಹೇಳುವುದನ್ನು ನಾನು ನಂಬುವವನಲ್ಲ. ಹೊಟ್ಟೆಗೆ ಸಾಲದೆ ಬೆಳೆದವರ ಮುಖ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

"ಅಪ್ಪ?" ಎಂದು ಕೇಳಿದೆ.

"ಸತ್ತೋಗವ್ನೆ ಸಾ."

"ಅಮ್ಮ?"

"ಅವ್ವ ಬಾಗೂರಲ್ಲವ್ಳೆ."

ಅವನು ಹೇಳಿದ ಹೆಸರು ಪೊಲೀಸರ ಕಾಗದದಲ್ಲಿದ್ದ ತಾಯಿಯ ಹೆಸರಲ್ಲ. ಕಾಗದದಲ್ಲಿದ್ದ ಹೆಸರು ಓದಿ, ಇದು ಯಾರು ಎಂದೆ.

"ಅದು ಚಿಕ್ಕವ್ವ."

"ನೀನು ಇರೋದು ಯಾರ ಮನೇಲಿ?"

"ಚಿಕ್ಕವ್ವನ ಮನೇಲೇ ಸಾ."

ಇವನು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಸ್ವಲ್ಪ ಮಂದ ಎಂದುಕೊಂಡೆ. ವಯಸ್ಸು ಕೇಳಿದ್ದಕ್ಕೆ, "ಇಸ್ಕೂಲಲ್ಲಿ ಒಂದೈತೆ ಸಾ, ಅದು ಅಣ್ಣಂದು" ಅಂದ. ಹಾಗಂದ ಎಂದು ಈಗ ನನಗೆ ತೋರುತ್ತದೆ. ಅವತ್ತು ಬರೆದುಕೊಂಡದ್ದರಲ್ಲಿ ಆ ಕೊನೆಯ ಮಾತು ಇಲ್ಲ. ಆಮೇಲೆ ತಿಳಿದದ್ದನ್ನು ನನ್ನ ತಲೆ ಹಿಂದಕ್ಕೆ ಒಯ್ದು ಅವನ ಬಾಯಲ್ಲಿ ಇಟ್ಟಿರಬಹುದು.

ಕಾನೂನು ಇಲ್ಲಿ ಗೊಂದಲವಿಲ್ಲದ್ದು. ಅಪರಾಧ ನಡೆದ ದಿನ ಹದಿನೆಂಟು ತುಂಬಿರದಿದ್ದರೆ ಅವನನ್ನು ದೊಡ್ಡವರ ಜೈಲಿನಲ್ಲಿ ಇಡುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಕಳಿಸಬೇಕು. ವಯಸ್ಸಿನ ಪ್ರಶ್ನೆಯನ್ನು ಯಾವ ಹಂತದಲ್ಲಾದರೂ ಎತ್ತಬಹುದು. ಎತ್ತಿದರೆ ನ್ಯಾಯಾಲಯ ಮೊದಲು ಶಾಲೆಯ ದಾಖಲೆ ನೋಡುತ್ತದೆ. ಅದಿಲ್ಲದಿದ್ದರೆ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ನಮ್ಮ ಹುಡುಗನಿಗೆ ಮೊದಲೆರಡೂ ಇದ್ದವು, ಎರಡೂ ಅವನ ವಿರುದ್ಧವೇ ಇದ್ದವು.

ಹೊಳೆನರಸೀಪುರದಿಂದ ಬಸ್ಸಿನಲ್ಲಿ ಅವನ ಊರಿಗೆ ಹೋದೆ. ಕಾಗದದಲ್ಲಿದ್ದ ತಾಯಿ ಯಾರದೋ ಕಣದಲ್ಲಿ ಕೂಲಿಗೆ ಮುಸುಕಿನ ಜೋಳ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿಮ್ಮ ಮಗನ ವಿಷಯಕ್ಕೆ ಬಂದಿದ್ದೀನಿ."

"ಅವ್ನು ನನ್ ಮಗ ಅಲ್ಲ ಸಾ."

"ಮತ್ತೆ?"

"ಬಾಗೂರಿಗೋಗಿ ಅಕ್ಕನ್ನ ಕೇಳಿ. ಅವ್ಳ್ ಮಗ." ಇನ್ನೊಂದು ತೆನೆ ಸುಲಿದು ರಾಶಿಗೆ ಎಸೆದಳು. ಆಮೇಲೆ, "ಜೈಲಲ್ಲಿ ಸಾರಿಗೆ ಕಾರ ಜಾಸ್ತಿ ಆಕ್ತಾರಾ? ಅವ್ನ್ಗೆ ಕಾರ ಆಗಕಿಲ್ಲ" ಎಂದು ಕೇಳಿದಳು.

ಮಗ ಜೈಲಿಗೆ ಹೋದ ಅವಮಾನಕ್ಕೆ ಕೈತೊಳೆದುಕೊಂಡಿದ್ದಾಳೆ ಎಂದು ತೀರ್ಮಾನಿಸಿದ್ದವನಿಗೆ ಆ ಖಾರದ ಪ್ರಶ್ನೆ ಅಡ್ಡಬಂತು. ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಬಾಗೂರಿಗೆ ಹೋದೆ.

'ಅಕ್ಕ' ಎಂದರೆ ಒಡಹುಟ್ಟಿದವಳಲ್ಲ, ಹುಡುಗನ ಊರಿನದೇ ಜಮೀನಿರುವ ಮನೆಯ ಹೆಂಗಸು. ಗಂಡ ಊರಲ್ಲೇ ಬೇಸಾಯ ನೋಡಿಕೊಳ್ಳುತ್ತಿದ್ದ. ಇವರು ಬಾಗೂರಿನಲ್ಲಿ ದೊಡ್ಡ ಮಗನ ರಸಗೊಬ್ಬರದ ಅಂಗಡಿಯ ಹಿಂದಿನ ಮನೆಯಲ್ಲಿದ್ದರು. ಐವತ್ತರ ಆಸುಪಾಸು, ಗಟ್ಟಿ ದನಿ. ನಾನು ಬಂದ ವಿಷಯ ಕೇಳಿ ಅಂಗಡಿಯತ್ತ ಒಮ್ಮೆ ನೋಡಿ ನಡುವಿನ ಬಾಗಿಲು ಮುಂದೆ ಮಾಡಿದರು.

"ಅವ್ಳ್ಗೆ ಮೊದ್ಲು ಉಟ್ಟಿದ್ದೂ ಗಂಡೇ ಕಣಪ್ಪ. ತೌರ್ಮನೆ ಅರಕಲಗೂಡ್ ಕಡೆ, ಅಲ್ಲೇ ಆಸ್ಪತ್ರೇಲಿ ಎರಿಗೆ. ತೆವಳೋ ಒತ್ಗೆ ಜರ ಬಂದು ಓಯ್ತು. ಆಮ್ಯಾಕೊಂದು ಒಟ್ಟೇಲೇ ಓಯ್ತು. ಮೂರ್ನೇದು ಇವ್ನು. ಮನೇಲೇ ಉಟ್ಟಿದ್ದು. ಅವ್ಳ್ ಅತ್ತೆ ಇದೂ ನಿಲ್ಲಕಿಲ್ಲ, ಮಾರ್ಬುಡು ಅಂದ್ಲು. ನನ್ ಮಕ್ಕಳೆಲ್ಲ ನಿಂತವೆ, ಅದ್ಕೆ ನನ್ ಬಾಗ್ಲಿಗೆ ತಂದ್ರು. ಮೊರದಲ್ ಮಲಗ್ಸಿದ್ರು. ನಾನ್ ಒಂದ್ ಮೊರ ತೌಡು ಕೊಟ್ಟು ಕೊಂಡ್ಕಂಡೆ."

"ತೌಡಿಗಾ?"

"ಇನ್ನೇನ್ ಬಂಗಾರ್ಕಾ? ಬೆಲೆ ಇಲ್ಲದ್ದು ಅಂತ ತಿಳ್ಕಂಡ್ರೆ ತಾನೆ ಸಾವು ಬಿಟ್ಟೋಗದು." ನಕ್ಕರು. "ತೌಡ ಅಂತ್ಲೇ ಕರೀತೀವಿ. ಅವತ್ನಿಂದ ಅವ್ನು ನನ್ ಮಗ, ನಾನ್ ಅವ್ವ. ಅವ್ಳು ಚಿಕ್ಕವ್ವ. ಸಾಕೋದು ಅವ್ಳೇ, ನಂದು ಅಂತ ಬಾಯ್ಬಿಟ್ಟು ಅನ್ನಂಗಿಲ್ಲ. ಅವ್ನ್ ಮದ್ವೆ ಒತ್ಗೆ ತೌಡು ವಾಪಸ್ ಕೊಟ್ಟು ಬಿಡಿಸ್ಕಬೇಕು. ಅಲ್ಲೀಗಂಟ ನಂದು ಅಂದ್ರೆ ಮಗ ಉಳಿಯಕಿಲ್ಲ."

ಸಮಾಜಶಾಸ್ತ್ರದ ತರಗತಿಯಲ್ಲಿ ಇಂಥದ್ದನ್ನು ಓದಿದ್ದೆ. ಅದಕ್ಕೊಂದು ಉದ್ದದ ಹೆಸರೂ ಇತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಒಬ್ಬನನ್ನು ಕೊಲೆ ಆರೋಪಿಗಳ ಬ್ಯಾರಕ್ಕಿನಲ್ಲಿ ಕೂರಿಸಬಹುದು ಎಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗಿದ್ದು ಇಷ್ಟು. ಮಾರಿದ ಮಗುವಿನ ಜನನವನ್ನು ತಾಯಿ ಬರೆಸುವಂತಿರಲಿಲ್ಲ. ಕೊಂಡವರು ಬರೆಸೋಣವೆಂದರೆ ಅವರ ಗಂಡ, "ನಾಳಿಕೆ ಜಮೀನಲ್ಲಿ ಪಾಲು ಕೇಳಾಕ್ ಬಂದ್ಬುಟ್ರೆ?" ಎಂದು ತಡೆದಿದ್ದ. ಶಾಲೆಗೆ ಸೇರಿಸುವ ಹೊತ್ತಿಗೆ ಮೇಷ್ಟರು ಜನನ ಪತ್ರ ಕೇಳಿದರು. ತಾಯಿಯ ಬಳಿ ಅಂಥದ್ದೊಂದೇ ಇತ್ತು, ಅರಕಲಗೂಡಿನಲ್ಲಿ ಹುಟ್ಟಿ ಸತ್ತ ಚೊಚ್ಚಲಿನದ್ದು. ಅದನ್ನೇ ಕೊಟ್ಟಳು. ಸತ್ತ ಅಣ್ಣನ ಹೆಸರು, ಸತ್ತ ಅಣ್ಣನ ಹುಟ್ಟಿದ ದಿನ ಎರಡೂ ಇವನಿಗೆ ಬಂದವು. ಎರಡೂವರೆ ವರ್ಷ ಮೇಲೇರಿತು. ಚೊಚ್ಚಲಿನ ಸಾವನ್ನು ಎಲ್ಲೂ ಬರೆಸಿರಲಿಲ್ಲ.

"ಇದನ್ನು ಕೋರ್ಟಲ್ಲಿ ಹೇಳ್ತೀರಾ?" ಎಂದೆ.

ಕಾವಲುಗಾರನಿಗೆ ಪೆಟ್ಟು ಬಿದ್ದದ್ದು ಅವರ ಮೈದುನನ ತೋಟದಲ್ಲೇ. "ನಾನ್ ಬಂದು ಯೋಳಿದ್ರೆ ಮನೇಲಿ ಒಂದ್ ತುತ್ತು ಅನ್ನಾನೂ ನೆಟ್ಟಗ್ ಆಕಕಿಲ್ಲ" ಎಂದರು. ನಾನು ಎದ್ದು ಬಸ್ಸಿಗೆ ಹೊರಟೆ. ಹಿಂದಿನಿಂದ ಕರೆದು, "ಕೊಂಡಿದ್ದು ನಾನು ತಾನೆ. ಬತ್ತೀನಿ ಬುಡಪ್ಪ" ಎಂದರು.

ಅರ್ಜಿ ಹಾಕಿದೆ. ಶಾಲೆಯ ದಾಖಲೆ ಬೇರೆ ಮಗುವಿನದ್ದು, ಆ ಮಗು ಬದುಕಿಲ್ಲ, ಆದ್ದರಿಂದ ಮೂಳೆ ಪರೀಕ್ಷೆಗೆ ಆದೇಶಿಸಬೇಕು ಎಂಬುದು ನನ್ನ ವಾದ. ಅದನ್ನು ಸಾಕ್ಷಿಯ ಮೂಲಕ ತೋರಿಸಬೇಕಿತ್ತು. ಬಾಗೂರಿನ ಮಾತು ಕೇಳಿದ ಮೇಲೆ, ತಾಯಿಯನ್ನು ಕರೆಸುವುದಿಲ್ಲ ಎಂದು ನಾನೇ ಅವಳಿಗೆ ಮಾತು ಕೊಟ್ಟಿದ್ದೆ. ಕೊಂಡವರ ಸಾಕ್ಷಿ ಸಾಕು ಎಂಬ ಧೈರ್ಯ. ಅವರ ಕೊನೆಯ ಮಗಳು ಹುಡುಗನಿಗಿಂತ ಸ್ವಲ್ಪವೇ ದೊಡ್ಡವಳು, ಅವಳ ಜನನ ಪತ್ರ ಸರಿಯಾಗಿತ್ತು. ಆ ಮಗುವಿನ ಪಕ್ಕ ಈ ಮಗುವನ್ನು ನಿಲ್ಲಿಸಿ ಅಳೆದರಾಯಿತು ಎಂದು ಲೆಕ್ಕ ಹಾಕಿದ್ದೆ.

ವಿಚಾರಣೆಯ ದಿನ ಅದು ಕುಸಿಯಿತು. ಸರ್ಕಾರಿ ವಕೀಲರು ದನಿ ಏರಿಸುವವರಲ್ಲ. ಕೊಂಡವರನ್ನು ಮೆಲ್ಲಗೆ ಕೇಳಿದರು. ಮಗು ಹುಟ್ಟಿದ್ದು ಯಾವಾಗ?

"ಅವರೆಕಾಯ್ ಕಾಲ ಸಾಮಿ."

"ನಿಮ್ಮ ಮಗಳು ಆಗ ಏನು ಮಾಡುತ್ತಿದ್ದಳು?"

"ಬೋರಲು ಬೀಳ್ತಿದ್ಲು."

ಸ್ವಲ್ಪ ಹೊತ್ತು ಬೇರೆ ಏನೇನೋ ಕೇಳಿ, ಮತ್ತೆ ಅಲ್ಲಿಗೇ ಬಂದರು. ಮಗುವನ್ನು ನಿಮ್ಮ ಬಾಗಿಲಿಗೆ ತಂದಾಗ ನಿಮ್ಮ ಮಗಳು ಎಲ್ಲಿದ್ದಳು?

"ನನ್ ಸೆರಗ್ ಇಡ್ಕಂಡ್ ನಿಂತಿದ್ಲು. ನನ್ಗೂ ಬೇಕು ಅಂತ ಮೊರ ಎಳೀತಿದ್ಲು."

"ನಿಂತಿದ್ದಳೋ, ಬೋರಲು ಬೀಳುತ್ತಿದ್ದಳೋ?"

"ಎಲ್ಡೂ ಮಾಡಿದ್ಲು ಸಾಮಿ. ಮಕ್ಕಳು ಎಲ್ಡೂ ಮಾಡ್ತವಲ್ಲ."

ಕೋರ್ಟಿನಲ್ಲಿದ್ದವರು ನಕ್ಕರು. ಕೊಂಡವರೂ ನಕ್ಕರು. ನಾನು ನಗಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಎರಡು ಬೇರೆ ದಿನಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಷ್ಟೇ. ಸಿಮೆಂಟಿನ ಕಟ್ಟೆಯ ವಿಷಯದಲ್ಲಿ ನನಗಾದದ್ದೂ ಅದೇ. ಆದರೆ ನನ್ನನ್ನು ಯಾರೂ ಪಾಟೀಸವಾಲಿಗೆ ನಿಲ್ಲಿಸಿರಲಿಲ್ಲ. ನ್ಯಾಯಾಧೀಶರು ಬರೆದುಕೊಂಡು, ಹೆತ್ತ ತಾಯಿ ಬದುಕಿರುವಾಗ ಅವರನ್ನು ಏಕೆ ಹಾಜರುಪಡಿಸಿಲ್ಲ ಎಂದು ಕೇಳಿದರು. ನಾನು ಕಾಲಾವಕಾಶ ಕೇಳಿದೆ. ಇನ್ನೊಂದು ತಾರೀಖು ಕೊಟ್ಟರು.

ಹೊರಗೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕಾವಲುಗಾರನ ಹೆಂಡತಿ ಕೂತಿದ್ದಳು. ಪ್ರತಿ ತಾರೀಖಿಗೂ ಬರುತ್ತಿದ್ದಳು. ನನ್ನನ್ನು ನೋಡಿ ಎದ್ದಳು.

"ಅವ್ನ್ ವಯಸ್ಸು ಎಷ್ಟು ಎಷ್ಟು ಅಂತ ಇಷ್ಟೊತ್ತು ಕೇಳಿದ್ರಲ್ಲ ಸಾ. ಸತ್ತೋನ್ ವಯಸ್ಸು ಯಾರಾರ ಕೇಳಿದ್ರಾ?"

ಕೇಳಿರಲಿಲ್ಲ. ಮರಣೋತ್ತರ ವರದಿಯಲ್ಲಿ 'ಸುಮಾರು ಅರವತ್ತು' ಎಂದಿತ್ತು, ಅದೂ ಅಂದಾಜೇ. ನಾನು ಮೆಟ್ಟಿಲಿಳಿದೆ. ಅವಳ ಪರವಾಗಿ ಸರ್ಕಾರಿ ವಕೀಲರಿದ್ದಾರೆ ಎಂದು ನಾನು ಎಷ್ಟೇ ಸಮಾಧಾನ ಹೇಳಿಕೊಂಡರೂ, ಈ ಬರಹದಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಮಾತು ಅವಳದ್ದೇ.

ಅದೇ ದಿನ ಪೊಲೀಸ್ ವ್ಯಾನಿನ ಬಳಿ ಹುಡುಗನನ್ನು ಮಾತಾಡಿಸಿದೆ. ಎಡಗಡೆಯಿಂದ ಕರೆದರೆ ತಿರುಗಲಿಲ್ಲ. ಕಿವಿಯ ಹಿಂದೆ ಊದಿತ್ತು, ಹತ್ತಿಯಲ್ಲಿ ಕೀವು ಒಣಗಿತ್ತು. ರಾಡು ಬೀಸಿದ್ದು ಯಾರೆಂದು ಇವನು ಹೇಳಿಬಿಡುತ್ತಾನೆಂದು ಜೊತೆಯ ಆರೋಪಿಗಳೇ ಬಡಿದಿದ್ದರು. "ಬಿದ್ದೆ ಸಾ" ಅಂದ. ವ್ಯಾನಿನೊಳಗೆ ಅವರಿಬ್ಬರೂ ಕೂತಿದ್ದರು. ಚಿಕಿತ್ಸೆಗೆ ಕಳಿಸುವಂತೆ ಅವತ್ತೇ ಅರ್ಜಿ ಕೊಟ್ಟೆ, ಆದೇಶವೂ ಆಯಿತು. ಬೇರೆ ಬ್ಯಾರಕ್ಕಿಗೆ ಹಾಕಿದರು. ಆದರೆ ಅದೂ ದೊಡ್ಡವರದ್ದೇ.

ನನಗೆ ಎರಡು ದಾರಿ ಇದ್ದವು. ತಾಯಿಗೆ ಸಮನ್ಸ್ ಕಳಿಸಿ ಬಲವಂತವಾಗಿ ಕರೆಸುವುದು ಒಂದು. ಅದಕ್ಕೆ ಅರ್ಜಿ ಬರೆದು ಚೀಲದಲ್ಲಿಟ್ಟಿದ್ದೆ. ಕಟಕಟೆಯಲ್ಲಿ ಮತ್ತೆ "ಅವ್ನು ನನ್ ಮಗ ಅಲ್ಲ" ಎಂದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಇನ್ನೊಂದು, ಹೋಗಿ ಕೇಳುವುದು. ಎರಡು ದಿನ ತೊಳಲಾಡಿ ಅವಳ ಊರಿಗೇ ಹೋದೆ. ದಾರಿಯುದ್ದಕ್ಕೂ ಮೂಢನಂಬಿಕೆಯ ಬಗ್ಗೆ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅವಳ ಎದುರು ಕೂತಾಗ ಕಿವಿಯ ವಿಷಯ ಮಾತ್ರ ಬಾಯಿಗೆ ಬಂತು.

"ಯಾವ್ ಕಿವಿ?" ಎಂದಳು.

"ಎಡಗಡೇದು."

"ನಾನ್ ಬಾಯ್ಬಿಟ್ಟು ಅಂದು, ಅವ್ನ್ಗೇನಾರ ಆದ್ರೆ?"

ಏನೂ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಹೇಳಲು ಬಾಯಿ ತೆರೆದೆ. ಜೈಲಿನಲ್ಲಿರುವ ಹದಿನಾರರ ಹುಡುಗನಿಗೆ ಏನೂ ಆಗುವುದಿಲ್ಲ ಎಂದು ಯಾವ ಆಧಾರದ ಮೇಲೆ ಹೇಳಲಿ? ಆಗಲೇ ಆಗಿತ್ತಲ್ಲ. "ನನಗೆ ಗೊತ್ತಿಲ್ಲ" ಎಂದೆ. "ಆದರೆ ನೀವು ಅನ್ನದೇ ಇದ್ದರೆ ಅವನು ಅಲ್ಲೇ ಇರ್ತಾನೆ." ಅವಳು ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಚೀಲದಲ್ಲಿದ್ದ ಅರ್ಜಿಯನ್ನು ನಾನು ಸಲ್ಲಿಸಲಿಲ್ಲ.

ತಾರೀಖಿನ ದಿನ ಹೊಳೆನರಸೀಪುರದ ಕೋರ್ಟಿನ ಆವರಣದಲ್ಲಿ ಹೊಂಗೆ ಮರದ ಕೆಳಗೆ ತಾಯಿಯೂ ಕೊಂಡವರೂ ಇದ್ದರು. ಕೊಂಡವರು ಬೈಯುತ್ತಿದ್ದರು.

"ಇಲ್ಲೇ ಬಿಡಿಸ್ಕಂಡು ಒಳೀಕ್ ಓಗು ಕಣಮ್ಮಿ. ಮದ್ವೆಗಂಟ ಕಾಯ್ತಾ ಕುಂತ್ರೆ ಗಂಡು ಎಲ್ಲೈತೆ ತೋರ್ಸು ಮೊದ್ಲು."

"ಮದ್ವೆ ಒತ್ಗೆ ಅಂತ ಮಾತಾಗಿತ್ತಲ್ಲಕ್ಕ."

"ಮಾತಾಡಿದ್ದು ನಿನ್ ಅತ್ತೆ ಜೊತೆ. ಅವ್ಳು ಸತ್ತೋದ್ಲು. ಕೊಂಡೋಳು ನಾನ್ ಇವ್ನಿ. ನಾನೇ ಕೊಡ್ತೀನಿ ಅಂದ್ರೆ ತಡಿಯಾಕೆ ಯಾರವ್ರೆ?"

ಹೊಸ ಬಿದಿರಿನ ಮೊರವೊಂದಿತ್ತು. ಅದರಲ್ಲಿ ತೌಡು. ಈ ತೌಡನ್ನು ಪಶು ಆಹಾರದ ಅಂಗಡಿಯಿಂದ ತಂದುಕೊಟ್ಟದ್ದು ನಾನೇ ಎಂದು ಕೊಂಡವರು ಇವತ್ತಿಗೂ ಹೇಳುತ್ತಾರೆ. ನನಗೆ ಹಾಗೆ ತಂದ ನೆನಪಿಲ್ಲ. ಅವರೇ ಬಾಗೂರಿನಿಂದ ಗಂಟು ಕಟ್ಟಿಕೊಂಡು ಬಂದಿದ್ದರು ಎಂಬುದು ನನ್ನ ನೆನಪು. ಅವರ ಮಾತನ್ನು ಅಲ್ಲಗಳೆಯುವ ಧೈರ್ಯ ಮಾತ್ರ ನನಗಿಲ್ಲ. ಹಾದುಹೋಗುತ್ತಿದ್ದ ಹಿರಿಯ ವಕೀಲರೊಬ್ಬರು, "ಏನ್ರೀ, ಕಕ್ಷಿದಾರ್ರ ಹಸು ಕರು ಹಾಕಿದೆಯಾ?" ಎಂದು ನಗೆಯಾಡಿ ಹೋದರು.

ಹುಡುಗನನ್ನು ಇಳಿಸುವಂತಿರಲಿಲ್ಲ. ಜೊತೆಗಿದ್ದ ಪೇದೆ ವ್ಯಾನಿನ ಜಾಲರಿ ಕಿಟಕಿಯ ಹತ್ತಿರ ಅವನನ್ನು ನಿಲ್ಲಿಸಿದ. ತಾಯಿ ಮೊರವನ್ನು ಎತ್ತಿ ಕೊಂಡವರ ಮಡಿಲಿಗೆ ತೌಡು ಸುರಿದಳು. "ತಕೋ ಅಕ್ಕ ನಿನ್ ತೌಡು." ಕೊಂಡವರು ಕಿಟಕಿಯತ್ತ ಕೈ ತೋರಿಸಿ, "ತಕೋ ನಿನ್ ಮಗನ್ನ" ಎಂದರು. ಅಷ್ಟೇ. ಹುಡುಗ ಬಲಗಿವಿಯನ್ನು ಜಾಲರಿಗೆ ಒತ್ತಿ ನಿಂತಿದ್ದ.

ಕಟಕಟೆಯಲ್ಲಿ ನಾನು ಕೇಳಬೇಕಾದ ಪ್ರಶ್ನೆಗಳು ಹತ್ತಾರು ಇದ್ದವು. ಆರೋಪಿ ನಿಮಗೆ ಏನಾಗಬೇಕು ಎಂಬುದರಿಂದಲೇ ಶುರು ಮಾಡಿದೆ. ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನ್ಯಾಯಾಧೀಶರು ಕಾದರು. ಬೆರಳಚ್ಚುಗಾರರು ಕೈ ಎತ್ತಿಕೊಂಡು ಕಾದರು.

"ನಾನೆತ್ತ ಮಗ" ಎಂದಳು.

ಆಮೇಲೆ ಚೊಚ್ಚಲಿನ ಬಗ್ಗೆ ಕೇಳಿದಾಗ ಅಡೆತಡೆಯಿಲ್ಲದೆ ಹೇಳಿದಳು. ಎಲ್ಲಿ ಹೂಳಿದ್ದು, ಯಾರು ಗುಂಡಿ ತೋಡಿದ್ದು, ಮೈಮೇಲೆ ಯಾವ ಬಟ್ಟೆ ಇತ್ತು. ಶಾಲೆಗೆ ಆ ಕಾಗದ ಯಾಕೆ ಕೊಟ್ಟಿರಿ ಎಂದು ಸರ್ಕಾರಿ ವಕೀಲರು ಕೇಳಿದರು. "ಇವ್ನ್ಗೆ ನಾನ್ ಏನೂ ಬರೆಸಂಗಿರಲಿಲ್ಲ ಸಾಮಿ. ಅದು ಸುಮ್ಕೆ ಪೆಟ್ಟಿಗೇಲಿತ್ತು. ಸತ್ತಿದ್ದು ಇದ್ದೋನ್ಗೆ ಆಗ್ಲಿ ಅಂತ ಕೊಟ್ಟೆ." ಅವರು ಮತ್ತೇನೂ ಕೇಳದೆ ಕೂತರು. ಅವಳ ಮಾತಿನಲ್ಲೂ ತಿಂಗಳು ವರ್ಷ ಸರಿಯಿರಲಿಲ್ಲ. ಆದರೆ ಎರಡು ಮಕ್ಕಳಿದ್ದವು ಎಂಬುದನ್ನು ಅನುಮಾನಿಸಲು ಆ ಮಾತಿನ ನಂತರ ಜಾಗವಿರಲಿಲ್ಲ.

ಶಾಲೆಯ ದಾಖಲೆಯನ್ನು ನ್ಯಾಯಾಲಯ ಪಕ್ಕಕ್ಕಿಟ್ಟಿತು. ಹಾಸನದಲ್ಲಿ ಮೂಳೆ ಪರೀಕ್ಷೆಯಾಯಿತು. ಮಣಿಕಟ್ಟು, ಮೊಣಕೈ, ಸೊಂಟದ ಎಕ್ಸ್‌ರೇ ತೆಗೆದರು, ಹಲ್ಲು ನೋಡಿದರು. ಹದಿನಾರರಿಂದ ಹದಿನೆಂಟರೊಳಗೆ ಎಂದು ವರದಿ ಬಂತು. ಯಂತ್ರವೂ ಅವರೆಕಾಯಿ ಕಾಲ ಎಂದಷ್ಟೇ ಹೇಳಿತು. ಅನುಮಾನದ ಲಾಭ ಹುಡುಗನಿಗೆ ಸಿಕ್ಕಿ, ಘಟನೆಯ ದಿನ ಅವನು ಬಾಲಕ ಎಂದು ಘೋಷಣೆಯಾಯಿತು. ಜೈಲಿನಿಂದ ಬಾಲಕರ ವೀಕ್ಷಣಾಲಯಕ್ಕೆ ಹೋದ.

ಇದನ್ನು ಗೆಲುವು ಎಂದು ನಾನು ಯಾರಿಗೂ ಹೇಳಿಲ್ಲ. ಹದಿನಾರು ದಾಟಿದವನು, ಆರೋಪ ಘೋರವಾದದ್ದು. ಅವನನ್ನು ದೊಡ್ಡವರಂತೆಯೇ ವಿಚಾರಣೆಗೆ ಕಳಿಸಬೇಕೇ ಎಂಬುದನ್ನು ಮಂಡಳಿ ಇನ್ನೂ ತೀರ್ಮಾನಿಸಬೇಕಿತ್ತು. ಎಡಗಿವಿ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಕೊಂಡವರ ಗಂಡ ಅವರನ್ನು ಊರಿನ ಮನೆಗೆ ಬರಬೇಡವೆಂದಿದ್ದ. ಇನ್ನು ತಾಯಿ, ಕಟಕಟೆಯಿಂದ ಇಳಿದವಳು, ಹುಡುಗನನ್ನು ನೋಡಲು ಒಂದು ಸಲವೂ ಹೋಗಲಿಲ್ಲ. ಕೊಂಡವರು ಹೋಗಿ ಬರುತ್ತಿದ್ದರು. ಅವಳೇಕೆ ಹೋಗುವುದಿಲ್ಲ ಎಂದು ಅವರನ್ನು ಕೇಳಿದೆ. "ಅಂದಿದ್ದಾಯ್ತಲ್ಲ. ಇನ್ ಅವ್ನ ಮಗ್ಗುಲಲ್ಲಿ ಕಂಡ್ರೆ ಗುರ್ತು ಸಿಕ್ಬುಡ್ತದೆ ಅಂತವ್ಳೆ" ಎಂದರು. ಯಾರಿಗೆ ಗುರುತು ಸಿಗುತ್ತದೆ ಎಂದು ನಾನು ಕೇಳಲಿಲ್ಲ.

ವೀಕ್ಷಣಾಲಯದಲ್ಲಿ ಹುಡುಗ ಬಲಗಿವಿ ನನ್ನತ್ತ ತಿರುಗಿಸಿಕೊಂಡು ಕೂತ. ಊಟ ಪರವಾಗಿಲ್ಲ ಎಂದ. ಆಮೇಲೆ, "ಚಿಕ್ಕವ್ವ ಬಂದ್ರೆ ಇನ್ ಏನಂತ ಕರೀಲಿ ಸಾ?" ಎಂದು ಕೇಳಿದ. ಅದನ್ನು ಅವರನ್ನೇ ಕೇಳು ಎಂದೆ. ವಕೀಲ ಕೊಡುವಂಥ ಉತ್ತರ.

ಮಂಡಳಿಯ ಮುಂದೆ ಮೊದಲ ಸಲ ಹಾಜರಾಗುವ ದಿನ ತಂದೆಯೋ ತಾಯಿಯೋ ಇರಬೇಕಿತ್ತು. ಹಾಗಾಗಿ ತಾಯಿ ಬಂದಳು. ಹಾಸನದ ಆ ಕೋಣೆ ಕೋರ್ಟಿನಂತಿರಲಿಲ್ಲ. ಒಂದು ಉದ್ದ ಮೇಜು, ಕೆಲವು ಪ್ಲಾಸ್ಟಿಕ್ ಕುರ್ಚಿಗಳು. ಅವಳು ಬಾಗಿಲ ಹೊರಗಿನ ಗೋಡೆಗೆ ಅಂಟಿ ನಿಂತಳು, ಮುಖ ರಸ್ತೆಯ ಕಡೆಗೆ. ಹುಡುಗನನ್ನು ಕರೆತಂದಾಗ ಸೆರಗು ಎಳೆದುಕೊಂಡಳು. ಅವನು ಅವಳನ್ನು ನೋಡಿ ನಿಂತ, ಬಾಯಿ ತೆರೆದ, ಏನೂ ಕರೆಯದೆ ಒಳಗೆ ಹೋದ.

ಗುಮಾಸ್ತ ಹೆಸರು ಕೂಗಿದ. ಅದು ಅಣ್ಣನ ಹೆಸರೇ. "ಹುಡುಗನ ಕಡೆಯಿಂದ ಯಾರು ಬಂದಿದ್ದಾರೆ?"

ನಾನು ಹೊರಗೆ ಅವಳತ್ತ ನೋಡಿದೆ. ಅವಳು ರಸ್ತೆಯಿಂದ ಕಣ್ಣು ಕೀಳದೆ ಪಿಸುಗುಟ್ಟಿದಳು. "ಒಂದ್ಸಲಿ ಅಂದಿವ್ನಿ ಸಾ. ಇನ್ನೊಂದ್ಸಲಿ ನನ್ ಕೈಲಾಗಕಿಲ್ಲ. ನೀವೇ ಯೋಳಿ."

ನಾನು ಮೇಜಿನ ಹತ್ತಿರ ಹೋದೆ.

"ತಾಯಿ ಬಂದಿದ್ದಾರೆ" ಎಂದೆ.

ಗುಮಾಸ್ತ ಪೆನ್ನು ಹಿಡಿದು ತಲೆಯೆತ್ತಿದ. "ಕೇಳಿಸಲಿಲ್ಲ ಸಾರ್. ಸ್ವಲ್ಪ ಜೋರಾಗಿ ಹೇಳಿ."